ಪರದೇಶದ ಲಗ್ನಕ್ಕೆ ಊರಿನ ಕಾಗದ: ಕುರ್ತಕೋಟಿ ಸೀಮೆಯ ತಂದೆ-ತಾಯಂದಿರಿಗೆ ಬಹಿರಂಗ ಪತ್ರ

ಕುರ್ತಕೋಟಿಯಿಂದ, ಗದಗ-ಬೆಟಗೇರಿಯಿಂದ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಊರುಗಳಿಂದ ಮಕ್ಕಳನ್ನು ಪರದೇಶಕ್ಕೆ ಕಳಿಸಿರುವ ಎಲ್ಲ ತಂದೆ-ತಾಯಂದಿರಿಗೆ,

ಮಗ ಮ್ಯೂನಿಕ್‌ನಲ್ಲಿರುತ್ತಾನೆ, ಮಗಳು ಮೆಲ್ಬರ್ನ್‌ನಲ್ಲಿರುತ್ತಾಳೆ. ಲಗ್ನ ಅಲ್ಲೇ ಆಗಲಿ ಎಂದು ನಿಶ್ಚಯವಾಗುತ್ತದೆ. ಬೀಗರ ಮಾತು, ಸೀರೆ-ಬಂಗಾರದ ಮಾತು, ಮುಹೂರ್ತದ ಮಾತು ಎಲ್ಲ ಮುಗಿದ ಮೇಲೆ ಕಾಗದದ ಮಾತು ಬರುತ್ತದೆ. ಅಲ್ಲಿಯ ವಿವಾಹ ನೋಂದಣಿ ಕಚೇರಿ ಒಂದು ಪಟ್ಟಿ ಕೊಟ್ಟಿರುತ್ತದೆ: ಜನನ ಪ್ರಮಾಣಪತ್ರ, ಇದುವರೆಗೆ ಮದುವೆಯಾಗಿಲ್ಲ ಎಂಬುದಕ್ಕೆ ದಾಖಲೆ, ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಡಿಕ್ರಿ ಇಲ್ಲವೆ ಸಂಗಾತಿಯ ಮರಣ ಪ್ರಮಾಣಪತ್ರ. ಬಹಳ ದೇಶಗಳಲ್ಲಿ ಇವೆಲ್ಲಕ್ಕೂ ಅಪೊಸ್ಟಿಲ್ ಆಗಿರಬೇಕು, ಬೇಕಾದಲ್ಲಿ ಅಧಿಕೃತ ಅನುವಾದವೂ ಇರಬೇಕು. ಆಗ ಊರಿಗೆ ಫೋನು ಬರುತ್ತದೆ. ‘ಅಪ್ಪಾ, ನನ್ನ ಬರ್ತ್ ಸರ್ಟಿಫಿಕೇಟ್ ಎಲ್ಲೈತಿ?’

ಆ ಫೋನು ಬರುವ ಮೊದಲೇ ನಿಮ್ಮ ಕೈ ಸೇರಲಿ ಎಂದು ಬರೆದ ಪತ್ರ ಇದು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಬೆಂಗಳೂರಿನ ಮುದ್ರೆ, ದಿಲ್ಲಿಯ ಮುದ್ರೆ, ರಾಯಭಾರ ಕಚೇರಿಯ ಮುದ್ರೆ ಬಿದ್ದರೆ ಕಾಗದ ಗಟ್ಟಿಯಾಯಿತು ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಅಪೊಸ್ಟಿಲ್ ಎಂಬುದು 1961ರ ಅಕ್ಟೋಬರ್ 5ರಂದು ಹೇಗ್ ನಗರದಲ್ಲಿ ಆದ ಒಪ್ಪಂದದ ಕೂಸು. ಭಾರತಕ್ಕೆ ಅದು 2005ರ ಜುಲೈ 14ರಿಂದ ಅನ್ವಯವಾಗಿದೆ. ಆ ಒಪ್ಪಂದದ ಪ್ರಕಾರ ಅಪೊಸ್ಟಿಲ್ ಹೇಳುವುದು ಮೂರೇ ಸಂಗತಿ: ಕಾಗದದ ಮೇಲಿನ ಸಹಿ ನಿಜ, ಸಹಿ ಮಾಡಿದವರು ಆ ಹುದ್ದೆಯಲ್ಲಿದ್ದದ್ದು ನಿಜ, ಮುದ್ರೆ ನಿಜ. ಕಾಗದದೊಳಗೆ ಬರೆದದ್ದು ಸರಿಯೋ ತಪ್ಪೋ ಎಂಬ ಗೊಡವೆಗೆ ಅದು ಹೋಗುವುದಿಲ್ಲ. ತಲಾಟಿಯ ರಿಜಿಸ್ಟರಿನಲ್ಲಿ ತಾಯಿಯ ಹೆಸರು ತಪ್ಪಿದ್ದರೆ, ಆ ತಪ್ಪಿನ ಮೇಲೆಯೇ ವಿದೇಶಾಂಗ ಸಚಿವಾಲಯದ ಮುದ್ರೆ ಬೀಳುತ್ತದೆ. ತಪ್ಪು ಇಡೀ ಸರಣಿಯನ್ನು ದಾಟಿ ಪರದೇಶದ ಅಧಿಕಾರಿಯ ಮೇಜಿಗೆ ಹೋಗಿ ಅಲ್ಲಿ ಸಿಕ್ಕಿಬೀಳುತ್ತದೆ. ಆ ಹೊತ್ತಿಗೆ ಛತ್ರದ ಮುಂಗಡ ಕೊಟ್ಟಾಗಿರುತ್ತದೆ, ವಿಮಾನದ ಟಿಕೆಟ್ ತೆಗೆದಾಗಿರುತ್ತದೆ.

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಊರಿನ ರಿಜಿಸ್ಟರಿನಿಂದ.

ಯಾವ ಊರಿನ ರಿಜಿಸ್ಟರು ಎಂಬುದೇ ಮೊದಲ ತೊಡಕು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಜನನ ನೋಂದಣಿಯಾಗುವುದು ಮಗು ಹುಟ್ಟಿದ ಜಾಗದಲ್ಲಿ. ಅಪ್ಪನ ಊರು ಯಾವುದು, ಮನೆತನ ಎಲ್ಲಿಯದು ಎಂಬುದು ಲೆಕ್ಕಕ್ಕಿಲ್ಲ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಕುರ್ತಕೋಟಿಯ ಸೊಸೆ ಮುಂಡರಗಿ ಕಡೆಯ ತವರಿಗೆ ಹೋಗಿ ಹೆತ್ತಿದ್ದರೆ ಮಗುವಿನ ದಾಖಲೆ ಅಲ್ಲಿರುತ್ತದೆ. ಗದಗಿನ ಆಸ್ಪತ್ರೆಯಲ್ಲಿ ಹೆತ್ತಿದ್ದರೆ ಗದಗ-ಬೆಟಗೇರಿ ನಗರಸಭೆಯಲ್ಲಿ, ಹುಬ್ಬಳ್ಳಿಯಲ್ಲಾಗಿದ್ದರೆ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯಲ್ಲಿ. ತಂದೆಯಾದವರು ಕುರ್ತಕೋಟಿಯ ಪುಸ್ತಕವನ್ನೇ ತಿರುವಿ ಹಾಕಿ ‘ನೋಂದಣಿಯೇ ಆಗಿಲ್ಲ’ ಎಂಬ ತೀರ್ಮಾನಕ್ಕೆ ಬರುವುದುಂಟು. ಹೆತ್ತ ಅವ್ವನನ್ನು, ಬಾಣಂತನ ಮಾಡಿದ ಅಜ್ಜಿಯನ್ನು, ಸೋದರಮಾವನನ್ನು ಒಂದು ಮಾತು ಕೇಳಿದರೆ ಅರ್ಧ ಅಲೆದಾಟ ತಪ್ಪುತ್ತದೆ.

ಪುಸ್ತಕ ಸಿಕ್ಕರೂ ಅದರಲ್ಲಿ ಹೆಸರು ಇಲ್ಲದಿರಬಹುದು. ನೋಂದಣಿ ಮಾಡಿಸುವುದು ಹುಟ್ಟಿದ ವಾರದಲ್ಲೇ, ಹೆಸರಿಡುವುದು ತೊಟ್ಟಿಲ ಕಾರ್ಯದ ದಿನ. ಆಮೇಲೆ ಆ ಹೆಸರನ್ನು ರಿಜಿಸ್ಟರಿಗೆ ಸೇರಿಸಲು ಯಾರೂ ಹೋಗಿರುವುದಿಲ್ಲ. ‘ಗಂಡು’ ಅಥವಾ ‘ಹೆಣ್ಣು’ ಎಂದಷ್ಟೇ ಬರೆದ ಇಂಥ ಪ್ರಮಾಣಪತ್ರ ಪರದೇಶದ ಲಗ್ನಕ್ಕೆ ಕೆಲಸಕ್ಕೆ ಬಾರದು. ಮಗುವಿನ ಹೆಸರನ್ನು ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ತಡಶುಲ್ಕ ಕೊಟ್ಟು ಸೇರಿಸಲು ನಿಯಮದಲ್ಲಿ ಅವಕಾಶವಿದೆ. ಈಗ ಮನೆಯಲ್ಲಿ ಸಣ್ಣ ಮೊಮ್ಮಕ್ಕಳಿದ್ದರೆ ಅವರ ಪ್ರಮಾಣಪತ್ರವನ್ನು ಇವತ್ತೇ ತೆಗೆದು ನೋಡುವುದು ಒಳ್ಳೆಯದು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರ ಒಂದೇ ಪುರಾವೆ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ.

ಇನ್ನೊಂದು, ನಮ್ಮ ಜಿಲ್ಲೆಯ ಚರಿತ್ರೆಗೇ ಸೇರಿದ ತೊಡಕು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಹುಟ್ಟಿದವರ ಹಳೆಯ ಕಾಗದಗಳಲ್ಲಿ ‘ಸಾ: ಕುರ್ತಕೋಟಿ, ತಾ: ಗದಗ, ಜಿ: ಧಾರವಾಡ’ ಎಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಜಿಲ್ಲೆ ಗದಗ. ಲಕ್ಷ್ಮೇಶ್ವರದವರಿಗೆ ಇದು ಇನ್ನೊಂದು ಸುತ್ತು ಹೆಚ್ಚು: ಮೊದಲು ಧಾರವಾಡ ಜಿಲ್ಲೆಯ ಶಿರಹಟ್ಟಿ ತಾಲ್ಲೂಕು, ಆಮೇಲೆ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕು, ಈಗ ಲಕ್ಷ್ಮೇಶ್ವರವೇ ತಾಲ್ಲೂಕು. ನಮಗೆ ಇದು ಸಹಜ. ಆದರೆ ಹ್ಯಾಂಬರ್ಗಿನ ಗುಮಾಸ್ತೆಗೆ ಇದು ಇಬ್ಬರು ಬೇರೆ ಬೇರೆ ಮನುಷ್ಯರ ಕಾಗದದಂತೆ ಕಾಣುತ್ತದೆ. ಇದಕ್ಕೆ ತಿದ್ದುಪಡಿ ಬೇಕಿಲ್ಲ. ಅದೇ ದಾಖಲೆಯ ಹೊಸ ಪ್ರತಿಯನ್ನು ಈಗಿನ ನಮೂನೆಯಲ್ಲಿ ತೆಗೆಸಿಕೊಳ್ಳಬೇಕು, ಜೊತೆಗೆ ಜಿಲ್ಲೆ ಬದಲಾದದ್ದನ್ನು ವಿವರಿಸುವ ಒಂದು ಚಿಕ್ಕ ಅಫಿಡವಿಟ್ ಇಟ್ಟುಕೊಳ್ಳಬೇಕು. ಈಗಿನ ಪ್ರಮಾಣಪತ್ರಗಳು ‘ಇ-ಜನ್ಮ’ ತಂತ್ರಾಂಶದಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರುವುದರಿಂದ ಕೈಬರಹದ ಹಳೆಯ ಪ್ರತಿಗಿಂತ ಅನುವಾದದ ತಾಪತ್ರಯವೂ ಕಡಿಮೆ.

ಹುಟ್ಟಿದ ದಿನಾಂಕದ ಮಾತು ಬಂದರೆ ‘ಜೂನ್ ಒಂದು’ ಎದುರು ನಿಲ್ಲುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಗುವನ್ನು ಕನ್ನಡ ಸಾಲಿಗೆ ಹಾಕುವಾಗ ಹೆಡ್‌ಮಾಸ್ತರರೇ ಒಂದು ದಿನಾಂಕ ಬರೆದುಕೊಂಡದ್ದು ಎಷ್ಟೋ ಮನೆಗಳ ಕಥೆ. ವಯಸ್ಸು ಕೂಡಲಿ ಎಂದು ಜೂನ್ 1 ಬರೆಯುತ್ತಿದ್ದರು. ಅದೇ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಹೋಯಿತು, ಅಲ್ಲಿಂದ ಆಧಾರಿಗೆ, ಪಾಸ್‌ಪೋರ್ಟಿಗೆ ಹೋಯಿತು. ಮಗು ನಿಜವಾಗಿ ಹುಟ್ಟಿದ್ದು ದಸರೆಯ ಹೊತ್ತಿಗೆ. ರಿಜಿಸ್ಟರಿನಲ್ಲಿ ಅಕ್ಟೋಬರ್ ತಿಂಗಳೇ ಇದೆ. ನೌಕರಿಗೆ, ಬ್ಯಾಂಕಿಗೆ ಈ ವ್ಯತ್ಯಾಸ ಎಂದೂ ಅಡ್ಡ ಬಂದಿರುವುದಿಲ್ಲ. ಪರದೇಶದಲ್ಲಿ ಲಗ್ನವಾಗುವ ಹೊತ್ತಿಗೆ ಮಾತ್ರ ಜನನ ಪ್ರಮಾಣಪತ್ರ ಮತ್ತು ಪಾಸ್‌ಪೋರ್ಟ್ ಮೊದಲ ಸಲ ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಕೂಡುತ್ತವೆ. ಈ ವ್ಯತ್ಯಾಸ ಅಫಿಡವಿಟ್ಟಿನಿಂದ ಹೋಗುವಂಥದ್ದಲ್ಲ. ಎಸ್ಸೆಸ್ಸೆಲ್ಸಿಯ ದಿನಾಂಕ ಬದಲಿಸಲು ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಅದಕ್ಕೆ ಹಿಡಿಯುವ ಕಾಲಕ್ಕೆ ಯಾವ ಮುಹೂರ್ತವೂ ಕಾಯುವುದಿಲ್ಲ. ಮಕ್ಕಳು ಪರದೇಶದಲ್ಲಿ ಓದುತ್ತಿರುವಾಗಲೇ, ಲಗ್ನದ ಮಾತು ಇನ್ನೂ ಎದ್ದಿಲ್ಲದಾಗಲೇ ಇದನ್ನು ನೋಡಿಕೊಳ್ಳಬೇಕು ಎನ್ನುವುದು ಇದಕ್ಕಾಗಿ.

ಹೆಸರಿನ ವಿಷಯ ಇದಕ್ಕಿಂತಲೂ ದೊಡ್ಡದು. ಧಾರವಾಡ ಸೀಮೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿಯ ರೂಢಿಯಂತೆ ನಮ್ಮಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಹೆಸರಿನ ಪದ್ಧತಿ ಉಳಿಯಿತು. ಹಳೆಯ ಮೈಸೂರಿನವರಂತೆ ಇನಿಷಿಯಲ್ ಹಾಕಿ ಮುಗಿಸುವ ರೂಢಿ ನಮ್ಮದಲ್ಲ. ಅಡ್ಡಹೆಸರುಗಳೂ ಬಗೆಬಗೆ: ಊರಿನಿಂದ ಬಂದ ಕುರ್ತಕೋಟಿ, ಹೊಂಬಳ, ಲಕ್ಕುಂಡಿ, ಕಾಯಕದಿಂದ ಬಂದ ಬಡಿಗೇರ, ಹೂಗಾರ, ಕಂಬಾರ, ವ್ಯಾಪಾರದಿಂದ ಬಂದ ಅಕ್ಕಿ, ಮೆಣಸಿನಕಾಯಿ, ಉಳ್ಳಾಗಡ್ಡಿ. ಕನ್ನಡದ ದೊಡ್ಡ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಿಂದ ಈ ಊರಿನ ಹೆಸರು ಸಾಹಿತ್ಯ ಲೋಕಕ್ಕೆಲ್ಲ ಪರಿಚಿತ. ಆದರೆ ಅದೇ ‘ಕುರ್ತಕೋಟಿ’ಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಗುಮಾಸ್ತ ‘ತ’ಕಾರಕ್ಕೆ ಒಂದು ಅಕ್ಷರ ಹೆಚ್ಚು ಹಾಕುತ್ತಾನೆ, ಇನ್ನೊಬ್ಬ ನಡುವಿನ ಸ್ವರ ಬಿಡುತ್ತಾನೆ. ಅಪ್ಪನ ಆಧಾರಿನಲ್ಲಿ ಒಂದು ಬಗೆ, ಮಗನ ಪಾಸ್‌ಪೋರ್ಟಿನಲ್ಲಿ ಇನ್ನೊಂದು, ಜನನ ಪ್ರಮಾಣಪತ್ರದಲ್ಲಿ ಮತ್ತೊಂದು. ಕೆಲವರ ಜನನ ದಾಖಲೆಯಲ್ಲಿ ಅಡ್ಡಹೆಸರೇ ಇರುವುದಿಲ್ಲ. ಕೆಲವರ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸ್ವಂತ ಹೆಸರಿನ ಜೊತೆಗೆ ಸೇರಿಕೊಂಡಿರುತ್ತದೆ, ಕೆಲವರಲ್ಲಿ ಅಡ್ಡಹೆಸರಿನ ಜಾಗದಲ್ಲಿ ಕೂತಿರುತ್ತದೆ.

ಅವ್ವಂದಿರ ಹೆಸರು ಇನ್ನೂ ಸೂಕ್ಷ್ಮ. ಲಗ್ನದಲ್ಲಿ ಸೊಸೆಗೆ ಹೊಸ ಹೆಸರಿಡುವ ಮನೆತನಗಳು ನಮ್ಮ ಕಡೆ ಇವೆ. ಹೆರಿಗೆ ತವರಿನಲ್ಲಾದಾಗ ದಾಖಲೆಗೆ ಹೆಸರು ಹೇಳಿದವರು ತವರಿನವರು. ಅವರು ಹೇಳುವುದು ತವರಿನ ಹೆಸರನ್ನೇ. ಹೀಗೆ ಮಗಳ ಜನನ ಪ್ರಮಾಣಪತ್ರದಲ್ಲಿ ತಾಯಿ ಗಂಗವ್ವನಾದರೆ ಪಾಸ್‌ಪೋರ್ಟಿನಲ್ಲಿ ತಾಯಿ ಶಾಂತವ್ವ. ಇಬ್ಬರೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತು. ಆ ಗೊತ್ತನ್ನು ಕಾಗದದಲ್ಲಿ ತೋರಿಸಬೇಕು. ತಾಯಿಯೇ ಎರಡೂ ಹೆಸರು ತನ್ನವೇ ಎಂದು ಪ್ರಮಾಣ ಮಾಡಿದ ಅಫಿಡವಿಟ್, ಆಕೆಯ ಸಾಲಿ ದಾಖಲೆ, ಲಗ್ನಪತ್ರಿಕೆ ಇಂಥವು ಇಲ್ಲಿ ಬೆಲೆಬಾಳುತ್ತವೆ. ಅವ್ವ ಗಟ್ಟಿಮುಟ್ಟಾಗಿರುವಾಗಲೇ ಇದನ್ನು ಮಾಡಿಸಿಟ್ಟುಕೊಳ್ಳಿ. ಆಕೆ ಇಲ್ಲವಾದ ಮೇಲೆ ಆ ಪ್ರಮಾಣ ಮಾಡುವವರು ಯಾರೂ ಇರುವುದಿಲ್ಲ.

ತಿದ್ದುವುದಕ್ಕೆ ಕಾನೂನಿನಲ್ಲಿ ದಾರಿ ಇದೆ. ಅದೇ 1969ರ ಕಾಯ್ದೆಯ 15ನೇ ಕಲಮಿನ ಪ್ರಕಾರ ರಿಜಿಸ್ಟರಿನಲ್ಲಿ ತಪ್ಪು ನಮೂದು ಇದೆ ಎಂದು ಸಾಬೀತಾದರೆ ನೋಂದಣಾಧಿಕಾರಿ ಅದನ್ನು ತಿದ್ದಬಹುದು. ಮೂಲ ಬರಹವನ್ನು ಅಳಿಸುವಂತಿಲ್ಲ, ಪಕ್ಕದಲ್ಲಿ ಬರೆದು ಸಹಿ ಹಾಕಿ ದಿನಾಂಕ ಹಾಕಬೇಕು. 17ನೇ ಕಲಮಿನಂತೆ ಯಾರು ಬೇಕಾದರೂ ಶುಲ್ಕ ಕಟ್ಟಿ ದಾಖಲೆ ಹುಡುಕಿಸಿ ನಕಲು ಪಡೆಯಬಹುದು. ನೋಂದಣಿಯೇ ಆಗಿಲ್ಲದಿದ್ದರೆ 13ನೇ ಕಲಮಿದೆ. ಒಂದು ವರ್ಷ ದಾಟಿದ ಜನನಕ್ಕೆ ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗೀಯ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಈ ಆದೇಶ ಮಾಡುತ್ತಾರೆ. ಒಂದು ಎಚ್ಚರಿಕೆ: 28ನೇ ವಯಸ್ಸಿನಲ್ಲಿ ನೋಂದಣಿಯಾದ ಜನನವನ್ನು ಪರದೇಶದ ಕಚೇರಿಗಳು ಅನುಮಾನದಿಂದ ನೋಡುವುದುಂಟು. ಜೊತೆಗೆ ಸಾಲಿಯ ದಾಖಲಾತಿ ಪುಸ್ತಕದ ನಕಲು, ಆಸ್ಪತ್ರೆಯ ಚೀಟಿ, ಲಸಿಕೆಯ ಕಾರ್ಡು ಏನಿದ್ದರೂ ಜೋಡಿಸಿ ಕೊಡಬೇಕು.

ಇನ್ನು ಅವಿವಾಹಿತ ಎಂಬ ದೃಢೀಕರಣ. ಪ್ರತಿ ದೇಶವೂ ಒಂದೊಂದು ಹೆಸರಿನಲ್ಲಿ ಇದನ್ನು ಕೇಳುತ್ತದೆ. ಅಮೆರಿಕದ ಬಹಳ ಕೌಂಟಿಗಳಲ್ಲಿ ಪಾಸ್‌ಪೋರ್ಟ್ ತೋರಿಸಿದರೆ ಲಗ್ನದ ಲೈಸೆನ್ಸ್ ಸಿಗುತ್ತದೆ. ಅಲ್ಲಿ ಜನನ ಪ್ರಮಾಣಪತ್ರದ ಪಾಳಿ ಬರುವುದು ಗಂಡ-ಹೆಂಡತಿಯ ವೀಸಾ ಹಂತದಲ್ಲಿ. ಇಟಲಿಯಲ್ಲಿ ತಮ್ಮ ದೇಶದ ರಾಯಭಾರ ಕಚೇರಿಯಿಂದಲೇ ‘ಅಡ್ಡಿಯಿಲ್ಲ’ ಎಂಬ ಪತ್ರ ತರಬೇಕು. ಭಾರತದಲ್ಲಿ ಮದುವೆಯಾಗಿಲ್ಲ ಎಂದು ತೋರಿಸುವ ಒಂದೇ ರಾಷ್ಟ್ರೀಯ ದಾಖಲೆ ಪುಸ್ತಕ ಇಲ್ಲ. ಆದ್ದರಿಂದ ಸಾಮಾನ್ಯವಾಗಿ ಇಲ್ಲಿಂದ ಹೋಗುವುದು ಅಫಿಡವಿಟ್: ವರ ಅಥವಾ ವಧು ಮಾಡಿದ್ದು, ಕೆಲವು ಕಡೆ ತಂದೆ-ತಾಯಿ ಮಾಡಿದ್ದು, ನೋಟರಿಯ ಮುಂದೆ ಸಹಿಯಾದದ್ದು. ಇದರ ಆಯುಷ್ಯ ಕಡಿಮೆ. ಮೂರು ಇಲ್ಲವೆ ಆರು ತಿಂಗಳಿಗಿಂತ ಹಳೆಯದನ್ನು ಬಹಳ ಕಚೇರಿಗಳು ಒಪ್ಪುವುದಿಲ್ಲ. ಜನನ ಪ್ರಮಾಣಪತ್ರವನ್ನು ಎಷ್ಟು ಬೇಗ ತೆಗೆಸಿದರೂ ಒಳ್ಳೆಯದೇ, ಆದರೆ ಇದನ್ನು ಲಗ್ನದ ದಿನಾಂಕ ಹತ್ತಿರ ಬಂದಾಗಲೇ ಮಾಡಿಸಬೇಕು.

ಜರ್ಮನಿಯ ಮಾತು ಬೇರೆಯೇ. ಭಾರತ ಹೇಗ್ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತು. ಹಾಗಾಗಿ ಭಾರತದ ಅಪೊಸ್ಟಿಲ್ ಅಲ್ಲಿ ನಡೆಯುವುದಿಲ್ಲ. ಅದರ ಬದಲು ಜರ್ಮನಿಯ ಕಚೇರಿಗಳು ಕಾಗದದ ಪರಿಶೀಲನೆ ಮಾಡಿಸುತ್ತವೆ. ಇಲ್ಲಿರುವ ಜರ್ಮನ್ ದೂತಾವಾಸ ನೇಮಿಸಿದ ವಕೀಲರು ಮೂಲ ರಿಜಿಸ್ಟರ್ ನೋಡುತ್ತಾರೆ, ಸಾಲಿಯಲ್ಲಿ ವಿಚಾರಿಸುತ್ತಾರೆ, ಅಗತ್ಯ ಕಂಡರೆ ಊರಿನವರನ್ನೂ ಕೇಳುತ್ತಾರೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಅದರ ಮೇಲೆ, ಜರ್ಮನ್ ಕಾನೂನು ಬಯಸುವ ವಿವಾಹ ಅರ್ಹತಾ ಪತ್ರವನ್ನು ಭಾರತದ ಯಾವ ಕಚೇರಿಯೂ ಕೊಡುವುದಿಲ್ಲವಾದ್ದರಿಂದ ಅಲ್ಲಿಯ ಉಚ್ಚ ಪ್ರಾದೇಶಿಕ ನ್ಯಾಯಾಲಯದ ಅಧ್ಯಕ್ಷರಿಂದ ವಿನಾಯಿತಿ ಪಡೆಯಬೇಕು. ಈ ಉದ್ದದ ದಾರಿಗೆ ಬೇಸತ್ತ ಎಷ್ಟೋ ಜೋಡಿಗಳು ಡೆನ್ಮಾರ್ಕಿಗೆ ಹೋಗಿ ಲಗ್ನವಾಗುತ್ತವೆ. ಅದು ಕಾನೂನುಬದ್ಧವೇ. ಆದರೆ ಡೆನ್ಮಾರ್ಕಿನ ದಾರಿ ಹಿಡಿದರೂ ಹೆಸರು, ಹುಟ್ಟಿದ ದಿನಾಂಕದ ವ್ಯತ್ಯಾಸಗಳು ಜೊತೆಗೇ ಪ್ರಯಾಣ ಮಾಡುತ್ತವೆ. ಜರ್ಮನಿಗೆ ಮರಳಿ ವಾಸದ ಪರವಾನಗಿ ಕೇಳುವಾಗ ಅವೇ ಪ್ರಶ್ನೆಗಳು ಏಳುತ್ತವೆ.

ಮುದ್ರೆಗಳ ಸರಣಿ ಇದಕ್ಕೆಲ್ಲ ಹೋಲಿಸಿದರೆ ಸರಳ. ನೋಟರಿ ಮಾಡಿಸಿದ ಅಫಿಡವಿಟ್ಟಾಗಲಿ ಜನನ ಪ್ರಮಾಣಪತ್ರವಾಗಲಿ ಮೊದಲು ರಾಜ್ಯ ಸರ್ಕಾರದ ದೃಢೀಕರಣಕ್ಕೆ ಹೋಗಬೇಕು. ವೈಯಕ್ತಿಕ ದಾಖಲೆಗಳಿಗೆ ಅದು ಗೃಹ ಇಲಾಖೆಯ ಕೆಲಸ. ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್. 2012ರ ಜುಲೈನಿಂದ ಸಚಿವಾಲಯ ಜನರಿಂದ ನೇರವಾಗಿ ಕಾಗದ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ತಾನು ಗೊತ್ತುಮಾಡಿದ ಏಜೆನ್ಸಿಗಳ ಮೂಲಕ ಪಡೆಯುತ್ತಿದೆ. 2019ರಿಂದ ಈ ಕೆಲಸ ಬೆಂಗಳೂರಿನಲ್ಲೂ ಆಗುತ್ತದೆ, ದಿಲ್ಲಿಗೆ ಕಳಿಸಬೇಕಿಲ್ಲ. ಒಂದು ಅಪೊಸ್ಟಿಲ್‌ಗೆ ಸರ್ಕಾರದ ಶುಲ್ಕ 50 ರೂಪಾಯಿ, ಜೊತೆಗೆ ಏಜೆನ್ಸಿಯ ಸೇವಾಶುಲ್ಕ. ಗೊತ್ತಿಲ್ಲದವರಿಂದ ಒಂದೊಂದು ಕಾಗದಕ್ಕೆ ಸಾವಿರಗಟ್ಟಲೆ ಕೀಳುವ ಮಧ್ಯವರ್ತಿಗಳಿದ್ದಾರೆ. ಅವರ ಮುಂದೆ ಈ 50 ರೂಪಾಯಿಯ ಅಂಕಿ ನಿಮ್ಮ ನೆನಪಿನಲ್ಲಿರಲಿ. ಅಪೊಸ್ಟಿಲ್ ಚೀಟಿಯ ಮೇಲೊಂದು ಸಂಖ್ಯೆ ಇರುತ್ತದೆ. ಅದು ನಿಜವೋ ನಕಲಿಯೋ ಎಂದು ಸಚಿವಾಲಯದ ಜಾಲತಾಣದಲ್ಲಿ ಪರೀಕ್ಷಿಸಬಹುದು. ಮತ್ತೊಂದು ಮಾತು, ಮೂಲ ಪ್ರಮಾಣಪತ್ರಗಳನ್ನು ಲ್ಯಾಮಿನೇಶನ್ ಮಾಡಿಸಬೇಡಿ. ಮಕ್ಕಳ ಕಾಗದ ಕೆಡಬಾರದೆಂಬ ಪ್ರೀತಿಯಿಂದಲೇ ಮಾಡಿಸಿರುತ್ತೀರಿ. ಆದರೆ ಪ್ಲಾಸ್ಟಿಕ್ಕಿನ ಮೇಲೆ ಮುದ್ರೆ ಕೂಡುವುದಿಲ್ಲ.

ಕೊಲ್ಲಿ ದೇಶಗಳಲ್ಲಿ ದುಡಿಯುವ ಮಕ್ಕಳಿದ್ದವರು ದೇಶ ಯಾವುದು ಎಂದು ಸರಿಯಾಗಿ ನೋಡಬೇಕು. ಒಮಾನ್, ಬಹರೈನ್ ಬಹಳ ಹಿಂದೆಯೇ ಅಪೊಸ್ಟಿಲ್ ಒಪ್ಪಂದದಲ್ಲಿವೆ. ಸೌದಿ ಅರೇಬಿಯಾದಲ್ಲಿ 2022ರ ಡಿಸೆಂಬರ್ 7ರಿಂದ ಜಾರಿಯಾಗಿದೆ. ಸಂಯುಕ್ತ ಅರಬ್ ಸಂಸ್ಥಾನ, ಕತಾರ್, ಕುವೈತ್ ಅದಕ್ಕೆ ಸೇರಿಲ್ಲ. ಆ ದೇಶಗಳಿಗೆ ಸಚಿವಾಲಯದ ದೃಢೀಕರಣದ ನಂತರ ಭಾರತದಲ್ಲಿರುವ ಅವರ ರಾಯಭಾರ ಕಚೇರಿಯ ಮುದ್ರೆ, ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಇಲಾಖೆಯ ಮುದ್ರೆ ಬೇಕು. ಕೆನಡಾಕ್ಕೂ ಹೀಗೆಯೇ ಇತ್ತು. 2024ರ ಜನವರಿ 11ರಿಂದ ಅಲ್ಲಿ ಅಪೊಸ್ಟಿಲ್ ಸಾಕು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಅಲ್ಲೊಂದು ಲಗ್ನ, ಇಲ್ಲೊಂದು ಲಗ್ನ ಎಂಬ ರೂಢಿ ಬೆಳೆದಿದೆ. ಮಗ ರಜೆಯ ಮೇಲೆ ಬಂದಾಗ ಗದಗಿನ ಕಲ್ಯಾಣ ಮಂಟಪದಲ್ಲಿ ಐನೂರು ಜನರ ಮುಂದೆ ಅಕ್ಕಿಕಾಳು ಬೀಳುತ್ತದೆ. ಆಮೇಲೆ ಪರದೇಶಕ್ಕೆ ಹೋಗಿ ‘ನಾವಿಬ್ಬರೂ ಅವಿವಾಹಿತರು’ ಎಂದು ಬರೆದುಕೊಟ್ಟು ಅಲ್ಲಿಯ ಕಚೇರಿಯಲ್ಲಿ ಮತ್ತೊಮ್ಮೆ ಲಗ್ನವಾಗುತ್ತಾರೆ. ಇಲ್ಲಿಯದು ಸಂಪ್ರದಾಯ, ಅಲ್ಲಿಯದು ಕಾನೂನು ಎಂದು ಮನೆಯವರು ತಿಳಿದಿರುತ್ತಾರೆ. ಹಿಂದೂ ವಿವಾಹ ಕಾಯ್ದೆಯ ದೃಷ್ಟಿಯಲ್ಲಿ ಅದು ತಪ್ಪು. ವಿಧಿಪೂರ್ವಕವಾಗಿ ಶಾಸ್ತ್ರ ನಡೆದರೆ ನೋಂದಣಿ ಇರಲಿ ಬಿಡಲಿ ಆ ದಿನವೇ ಅವರು ಗಂಡ-ಹೆಂಡತಿ. ಆಮೇಲೆ ಮಾಡಿದ ಅವಿವಾಹಿತ ಎಂಬ ಪ್ರಮಾಣ ಸುಳ್ಳು ಪ್ರಮಾಣ. ನಾಳೆ ವೀಸಾ ಅಧಿಕಾರಿಗೆ ಗದಗಿನ ಲಗ್ನದ ಫೋಟೋ ಕೊಟ್ಟರೆ ಎರಡು ದಿನಾಂಕಗಳು ಒಂದನ್ನೊಂದು ಸುಳ್ಳು ಮಾಡುತ್ತವೆ.

ಇದರ ತದ್ವಿರುದ್ಧದ ತಪ್ಪೂ ಇದೆ. ವೀಸಾ ಬೇಗ ಸಿಗಲಿ ಎಂದು ಶಾಸ್ತ್ರ ಆಗುವ ಮೊದಲೇ ಮದುವೆಯ ಸರ್ಟಿಫಿಕೇಟ್ ಮಾಡಿಸಿಬಿಡುವುದು. 2024ರ ಏಪ್ರಿಲ್ 19ರಂದು ಸುಪ್ರೀಂ ಕೋರ್ಟಿನಲ್ಲಿ, ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠ ಡಾಲಿ ರಾಣಿ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿತು. ಆ ಪ್ರಕರಣದ ಗಂಡು-ಹೆಣ್ಣು ಪೈಲಟ್‌ಗಳು. ಶಾಸ್ತ್ರೋಕ್ತ ಲಗ್ನ ಮುಂದೆ ಎಂದಾದರೂ ಮಾಡೋಣವೆಂದು, ಒಂದು ಸಂಸ್ಥೆಯಿಂದ ಪ್ರಮಾಣಪತ್ರ ಪಡೆದು ನೋಂದಣಿಯನ್ನೂ ಮಾಡಿಸಿದ್ದರು. ಆ ಲಗ್ನ ನಡೆಯಲೇ ಇಲ್ಲ, ಸಂಬಂಧ ಮುರಿಯಿತು. ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನಂತೆ ವಿಧಿಗಳು ನಡೆಯದಿದ್ದರೆ 8ನೇ ಕಲಮಿನ ನೋಂದಣಿಯಿಂದಲೇ ಮದುವೆಯಾಗುವುದಿಲ್ಲ ಎಂದು ಕೋರ್ಟು ಆ ಪ್ರಮಾಣಪತ್ರಗಳನ್ನು ಅನೂರ್ಜಿತಗೊಳಿಸಿತು. ಪರದೇಶದ ವೀಸಾಕ್ಕೆಂದು ಲಗ್ನಕ್ಕೆ ಮೊದಲೇ ನೋಂದಣಿ ಮಾಡಿಸಲು ತಂದೆ-ತಾಯಂದಿರೇ ಒಪ್ಪುವ ರೂಢಿಯನ್ನು ತೀರ್ಪು ಹೆಸರಿಸಿ ಖಂಡಿಸಿದೆ. ಕುರ್ತಕೋಟಿಯ ತಂದೆ-ತಾಯಂದಿರಿಗೂ ಆ ಮಾತು ಸಲ್ಲುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಕಾನೂನಿನ ಲಗ್ನ ಯಾವುದು ಎಂಬುದನ್ನು ಎರಡೂ ಮನೆಯವರು ಕೂತು ಒಂದೇ ಸಲ ತೀರ್ಮಾನಿಸಬೇಕು. ಊರಿನಲ್ಲೇ ಶಾಸ್ತ್ರ ಎಂದಾದರೆ ಲಗ್ನದ ಮರುವಾರವೇ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಆ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಮಾಡಿಸಿ ಕಳಿಸಿ. ಪರದೇಶದಲ್ಲಿ ಮತ್ತೆ ಲಗ್ನವಾಗುವುದು ಬೇಡ. 2006ರ ಫೆಬ್ರವರಿ 14ರಂದು ಸೀಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಲ್ಲ ಮದುವೆಗಳ ನೋಂದಣಿ ಕಡ್ಡಾಯವಾಗಲಿ ಎಂದು ಹೇಳಿದೆ. 2024ರಿಂದ ಕರ್ನಾಟಕದಲ್ಲಿ ಹಿಂದೂ ವಿವಾಹ ನೋಂದಣಿಗೆ ಆನ್‌ಲೈನ್ ಅರ್ಜಿಯ ಅನುಕೂಲವೂ ಆಗಿದೆ. ಲಗ್ನ ಅಲ್ಲೇ ಎಂದಾದರೆ ಅಲ್ಲಿಯದು ಮುಗಿದ ಮೇಲೆ ಊರಿನಲ್ಲಿ ಊಟ ಹಾಕಿ, ಹಿರಿಯರಿಂದ ಆಶೀರ್ವಾದ ಮಾಡಿಸಿ. ಎರಡನೇ ನೋಂದಣಿಗೆ ಹೋಗಬೇಡಿ.

ಮೂರನೆಯ ದಾರಿಯೂ ಇದೆ, ಬಹಳ ಮಂದಿಗೆ ಗೊತ್ತಿಲ್ಲ. 1969ರ ವಿದೇಶಿ ವಿವಾಹ ಕಾಯ್ದೆ. ಜೋಡಿಯಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿದ್ದರೆ, ಪರದೇಶದಲ್ಲಿರುವ ಭಾರತದ ರಾಯಭಾರ ಕಚೇರಿಯ ವಿವಾಹ ಅಧಿಕಾರಿಯ ಮುಂದೆ ಮೂವರು ಸಾಕ್ಷಿಗಳ ಎದುರು ಲಗ್ನವಾಗಬಹುದು. ಒಬ್ಬರು ನೋಟಿಸಿಗೆ ಮೊದಲು ಅಲ್ಲಿ 30 ದಿನ ವಾಸವಾಗಿರಬೇಕು. ನೋಟಿಸು ಪ್ರಕಟವಾಗಬೇಕು, ಆಕ್ಷೇಪಣೆಗೆ 30 ದಿನ ಕೊಡಬೇಕು. ಆ ಪ್ರಮಾಣಪತ್ರ ಭಾರತದ್ದೇ ಆದ್ದರಿಂದ ಇಲ್ಲಿ ನೇರವಾಗಿ ನಡೆಯುತ್ತದೆ. ಆದರೆ ಆ ದೇಶದ ಕಾನೂನು ಇಂಥ ಲಗ್ನವನ್ನು ಒಪ್ಪುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ರಾಯಭಾರ ಕಚೇರಿ ಕೊಟ್ಟ ಕಾಗದಗಳಿಗೆ ಹೇಗ್ ಒಪ್ಪಂದ ಅನ್ವಯವಾಗುವುದಿಲ್ಲ ಎಂಬುದೂ ಗೊತ್ತಿರಲಿ. ಅವಕ್ಕೆ ಅಪೊಸ್ಟಿಲ್ ತರಲು ಅಲೆದು ಪ್ರಯೋಜನವಿಲ್ಲ.

ಪರದೇಶದ ಲಗ್ನ ಕನ್ನಡಿಗರಿಗೆ ಹೊಸದಲ್ಲ. ಧಾರವಾಡದ ‘ಜಯಕರ್ನಾಟಕ’ ಪತ್ರಿಕೆಯಲ್ಲಿ ಕನ್ನಡದಲ್ಲಿ ಬರೆದ ಹಾಸನದ ರಾಜಾರಾವ್ 1931ರಲ್ಲೇ ಫ್ರಾನ್ಸಿನಲ್ಲಿ ಅಲ್ಲಿಯ ಅಧ್ಯಾಪಕಿ ಕಮೀಲ್ ಮೂಲಿ ಅವರನ್ನು ಮದುವೆಯಾದರು. ಆಗ ಅದು ಅಪರೂಪದ ಸುದ್ದಿ. ಈಗ ಅದು ಹೊಲ ಮಾರಿ ಮಗನನ್ನು ಓದಿಸಿದ ಒಕ್ಕಲಿಗರ ಮನೆಯ ಸಂಗತಿ, ನೇಕಾರರ ಮನೆಯ ಸಂಗತಿ.

ಹೆಣ್ಣುಮಕ್ಕಳ ತಂದೆ-ತಾಯಂದಿರಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಲೇಬೇಕು. ನೀರಜಾ ಸರಾಫ್ ಪ್ರಕರಣ 1994ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ಶಿಕ್ಷಕಿಯಾಗಿದ್ದ ಆಕೆ ಅಮೆರಿಕದಲ್ಲಿ ನೌಕರಿಯಲ್ಲಿದ್ದ ಕಂಪ್ಯೂಟರ್ ತಜ್ಞನನ್ನು ಲಗ್ನವಾಗಿ, ಅಲ್ಲಿಗೆ ಹೋಗಲೆಂದು ನೌಕರಿ ಬಿಟ್ಟರು. ಗಂಡ ಅಮೆರಿಕದ ಕೋರ್ಟಿನಲ್ಲಿ ಮದುವೆ ರದ್ದುಪಡಿಸಿಕೊಳ್ಳಲು ಹೊರಟ. ಭಾರತದಲ್ಲಿ ಆದ ಮದುವೆಯನ್ನು ಪರದೇಶದ ಕೋರ್ಟು ರದ್ದು ಮಾಡಬಾರದು ಎಂಬ ಕಾನೂನು ಬೇಕೆಂದು ಸುಪ್ರೀಂ ಕೋರ್ಟು ಆಗಲೇ ಸೂಚಿಸಿತ್ತು. 2019ರ ಫೆಬ್ರವರಿಯಲ್ಲಿ ಅನಿವಾಸಿ ಭಾರತೀಯರ ವಿವಾಹ ನೋಂದಣಿ ಮಸೂದೆ ರಾಜ್ಯಸಭೆಗೆ ಬಂತು. 30 ದಿನದೊಳಗೆ ನೋಂದಣಿ ಎಂಬುದು ಅದರ ಮುಖ್ಯ ಅಂಶ. 2024ರ ಫೆಬ್ರವರಿಯಲ್ಲಿ ಕಾನೂನು ಆಯೋಗ ತನ್ನ 287ನೇ ವರದಿಯಲ್ಲಿ ಇದಕ್ಕೆ ಇನ್ನೂ ಸಮಗ್ರ ಕಾನೂನು ಬೇಕು ಎಂದಿತು. ಆಗ ಆಯೋಗದ ಅಧ್ಯಕ್ಷರಾಗಿದ್ದವರು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿ. ಕಾನೂನು ಬರುವವರೆಗೆ ಮಗಳ ಕೈಯಲ್ಲಿರುವ ರಕ್ಷಣೆ ಎಂದರೆ ನೋಂದಣಿ ಪ್ರಮಾಣಪತ್ರದ ಮೂಲ ಪ್ರತಿ. ಅದನ್ನು ಗಂಡನ ಮನೆಯ ಕಪಾಟಿನಲ್ಲಿ ಬಿಡದೆ ಆಕೆಯ ಕೈಗೇ ಕೊಡಿ, ಇನ್ನೊಂದು ದೃಢೀಕೃತ ಪ್ರತಿ ತವರಿನಲ್ಲಿರಲಿ. ವರನ ಅವಿವಾಹಿತ ದೃಢೀಕರಣವನ್ನು ಕೇಳಿ ನೋಡುವುದು ಬೀಗರಿಗೆ ಅವಮಾನವಲ್ಲ. ಹಿಂದೆ ಪರದೇಶದ ಕೋರ್ಟಿನಲ್ಲಿ ವಿಚ್ಛೇದನವಾದ ವರನಾಗಿದ್ದರೆ ಆ ಡಿಕ್ರಿ ಭಾರತದಲ್ಲಿ ನಿಲ್ಲುತ್ತದೆಯೇ ಎಂದು ವಕೀಲರಿಗೆ ತೋರಿಸಿ. 1991ರ ನರಸಿಂಹರಾವ್ ಪ್ರಕರಣದ ತೀರ್ಪಿನಂತೆ ಎಲ್ಲ ಡಿಕ್ರಿಗಳೂ ಇಲ್ಲಿ ನಿಲ್ಲುವುದಿಲ್ಲ.

ಪಂಚಾಯ್ತಿಯ ಸದಸ್ಯರು, ಗ್ರಾಮ ಆಡಳಿತ ಅಧಿಕಾರಿಗಳು, ಸಾಲಿಯ ಮುಖ್ಯೋಪಾಧ್ಯಾಯರು ಕೂಡ ಈ ಪತ್ರ ಓದಲಿ ಎಂದು ಆಸೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. ಕೂಡಿ ಕೆಲಸ ಮಾಡುವುದನ್ನು ಈ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ವರ್ಷಕ್ಕೊಂದು ದಿನ ಪಂಚಾಯ್ತಿ ಕಟ್ಟೆಯಲ್ಲಿ ಜನನ ದಾಖಲೆ ಪರಿಶೀಲನೆಯ ಶಿಬಿರ ಮಾಡಿ. ತಹಶೀಲ್ದಾರ ಕಚೇರಿಯವರನ್ನು ಕರೆಸಿ, ಒಬ್ಬ ನೋಟರಿಯನ್ನು ಕೂಡಿಸಿ. ಮಗುವನ್ನು ಸಾಲಿಗೆ ಹಾಕಿಕೊಳ್ಳುವಾಗ ಜನನ ಪ್ರಮಾಣಪತ್ರ ನೋಡಿಯೇ ಹೆಸರು, ದಿನಾಂಕ ಬರೆದುಕೊಳ್ಳಿ. ಇಂಗ್ಲಿಷಿನ ಅಕ್ಷರಗಳನ್ನು ಅಪ್ಪನ ಆಧಾರಿನೊಂದಿಗೆ ಹೋಲಿಸಿ.

ತಂದೆ-ತಾಯಂದಿರೇ, ಮಗನ ಅಥವಾ ಮಗಳ ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟಿನ ನಕಲು ಮೂರನ್ನೂ ಈ ಭಾನುವಾರ ಒಟ್ಟಿಗೆ ಇಟ್ಟುಕೊಂಡು ಅಕ್ಷರ ಅಕ್ಷರ ಓದಿ ನೋಡಿ. ಇಂಗ್ಲಿಷ್ ಬಾರದಿದ್ದರೆ ಓದಿದ ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ. ಒಂದು ಅಕ್ಷರ ಬೇರೆಯಿದ್ದರೂ ಸೋಮವಾರವೇ ಅರ್ಜಿ ಕೊಡಿ.